ಆಳಂದದ ಅತ್ತೆಯೂ ಕೆಂಪಂಗಿಯವರೂ

ಇಂಗ್ಲೆಂಡಿನಲ್ಲಿ ಕೆಂಪಂಗಿ ತೊಟ್ಟು ಆಡುವ ಒಂದು ಫುಟ್‌ಬಾಲ್ ತಂಡಕ್ಕೆ ಇಬ್ಬರು ತರಬೇತುದಾರರಿದ್ದಾರೆ. ಒಬ್ಬರು ಕೋಟು ಹಾಕಿಕೊಂಡು ಮೈದಾನದ ಅಂಚಿನಲ್ಲಿ ನಿಂತು ಕೈ ಬೀಸುತ್ತಾರೆ. ಇನ್ನೊಬ್ಬರು ಆಳಂದದಲ್ಲಿ, ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಟೀವಿಯ ಮುಂದೆ ಕೂತಿರುತ್ತಾರೆ. ಈ ಎರಡನೆಯವರು ನನ್ನ ಸೋದರತ್ತೆ, ಅಂದರೆ ನಮ್ಮಪ್ಪನ ಅಕ್ಕ. ಇಂಥವರೊಬ್ಬರು ತಮಗಿದ್ದಾರೆ ಎಂಬುದು ಆ ತಂಡಕ್ಕೆ ಇನ್ನೂ ಗೊತ್ತಿಲ್ಲ. ಗೊತ್ತಿದ್ದರೆ ಹೋದ ವರ್ಷ ಅವರಿಗೆ ಆ ಗತಿ ಬರುತ್ತಿತ್ತೇ?

ಅತ್ತೆಗೆ ಫುಟ್‌ಬಾಲ್ ಹಿಡಿದದ್ದು ಮಾಮಾನ ಕಾಲಿನಿಂದ. ಮಾಮಾ, ಅಂದರೆ ಅತ್ತೆಯ ಗಂಡ, ತೊಗರಿ ವ್ಯಾಪಾರದ ಅಡತಿ ಅಂಗಡಿಯಲ್ಲಿ ದಿನವಿಡೀ ಮಾತಾಡಿಯೇ ಬದುಕಿದವರು. ಅವರಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಮಾತು ಹೋಗಿ "ಹೂಂ" ಮತ್ತು "ಏ" ಎಂಬ ಎರಡು ಸದ್ದು ಉಳಿದವು. ಅಂಗಡಿ ಮಗನ ಪಾಲಿಗೆ ಬಂತು, ಮಾಮಾ ಕುರ್ಚಿಯ ಪಾಲಿಗೆ ಬಂದರು. ಕಾಲಿಗೆ ದಿನಾ ವ್ಯಾಯಾಮ ಮಾಡಿಸಿ ಎಂದು ಡಾಕ್ಟರು ಹೇಳಿದ್ದರು. ಮಾಡಿಸಲು ಹೋದವರ ಮೇಲೆ ಮಾಮಾ ಎಡಗೈಯಿಂದ ದಿಂಬು ಎಸೆಯುತ್ತಿದ್ದರು. ಗುರಿ ಮಾತ್ರ ಚೆನ್ನಾಗಿತ್ತು.

ಹೀಗಿರುವಾಗ ಒಂದು ಸಂಜೆ ರಿಮೋಟಿನ ಯಾವುದೋ ಗುಂಡಿ ಅಮುಕಿಹೋಗಿ ಟೀವಿಯಲ್ಲಿ ಫುಟ್‌ಬಾಲ್ ಬಂತು. ಕೆಂಪಂಗಿಯವನೊಬ್ಬ ಗೋಲಿನ ಮುಂದೆ ಚೆಂಡು ಒದೆಯುವುದಕ್ಕೂ ಸ್ಟೂಲಿನ ಮೇಲಿದ್ದ ಮಾಮಾನ ಬಲಗಾಲು ಒಂಚೂರು ಮಿಸುಕುವುದಕ್ಕೂ ಸರಿಹೋಯಿತು. ಅತ್ತೆ ಕೈಯಲ್ಲಿದ್ದ ಮೊರ ಬಿಟ್ಟರು. ಬೇಳೆಯೆಲ್ಲ ನೆಲದ ಪಾಲು. ಅವತ್ತಿನಿಂದ ಆ ಮನೆಯಲ್ಲಿ ಶನಿವಾರ, ರವಿವಾರ ಸಂಜೆ ಧಾರಾವಾಹಿ ಬಂದ್. ಕೆಂಪಂಗಿಯವರು ಆಡಬೇಕು, ಮಾಮಾನ ಕಾಲು ಮಿಸುಕಬೇಕು. ಅತ್ತೆಗೆ ಜಗತ್ತಿನಲ್ಲಿ ಬೇಕಾದದ್ದು ಇಷ್ಟೇ. "ಅದು ಆಟದಿಂದ ಅಲ್ಲರಿ, ನರ ತಾನಾಗೇ ಸುಧಾರಿಸಾಕತ್ತದ," ಎಂದು ಡಾಕ್ಟರು ಹೇಳಿದಾಗ ಅತ್ತೆ ಅವರನ್ನು ಮರುಕದಿಂದ ನೋಡಿದರಂತೆ.

ನಾನು ಆಳಂದದಲ್ಲೇ ಸರಕಾರಿ ಕಚೇರಿಯೊಂದರಲ್ಲಿ ನೌಕರಿ ಮಾಡುವವಳು. ಶನಿವಾರ ಸಂಜೆ ಅತ್ತೆಯ ಮನೆಗೆ ಹೋಗುವುದು ರೂಢಿ. ಆಟದ ನಿಯಮ ಹೇಳಿಕೊಡೋಣ ಅಂತ ಒಮ್ಮೆ ಹೊರಟೆ. ಆಫ್‌ಸೈಡ್ ಎಂದರೇನು ಎಂದು ಎರಡು ಲೋಟ, ಒಂದು ನಿಂಬೆಹಣ್ಣು ಇಟ್ಟು ವಿವರಿಸತೊಡಗಿದ್ದೆ. ಅತ್ತೆ ಅರ್ಧಕ್ಕೇ ತಡೆದರು.

"ಅದ್ರಾಗೇನದ ಬೇ. ಮದಿವ್ಯಾಗ ಬೀಗರು ಇನ್ನಾ ಕುಂತಿರಂಗಿಲ್ಲ, ಒಬ್ಬಾವ ಮೊದಲ ಹೋಗಿ ಎಲಿ ಮುಂದ ಕುಂತು ನೀಡ್ರಿ ಅಂತಾನ. ಅವಂಗ ನೀಡಬಾರದು. ಅಷ್ಟ ಹೌದಿಲ್ಲೊ?"

ಹೌದು, ಅಷ್ಟೇ. ನಾನು ಲೋಟ, ನಿಂಬೆಹಣ್ಣು ಎತ್ತಿ ಒಳಗಿಟ್ಟೆ.

ಹೋದ ವರ್ಷ ಆಟ ಶುರುವಾದಾಗ ಕೆಂಪಂಗಿಯವರು ಗೆದ್ದದ್ದೇ ಗೆದ್ದದ್ದು. ಮೊದಲ ಗೋಲು ಬಿದ್ದಾಗ ಅತ್ತೆ ಒಳಗೆ ಜೋಳದ ರೊಟ್ಟಿ ಬಡಿಯುತ್ತಿದ್ದರು. ಎರಡನೆಯದು ಬಿದ್ದಾಗಲೂ ರೊಟ್ಟಿಯೇ. ಗೋಲಿಗೂ ರೊಟ್ಟಿಗೂ ಇರುವ ಸಂಬಂಧ ಅತ್ತೆಗೆ ಅಲ್ಲಿಗೆ ಖಾತ್ರಿಯಾಯಿತು. ಮುಂದಿನ ವಾರವೇ ಸಣ್ಣ ಸಿಲಿಂಡರಿನ ಒಲೆ, ಹಂಚು, ಹಿಟ್ಟು ನಾದುವ ಕೊಣಮಿಗೆ, ಹಿಟ್ಟಿನ ಡಬ್ಬಿ ಎಲ್ಲ ಟೀವಿಯ ಮುಂದಕ್ಕೆ ಬಂದವು. ಆಟ ಮುಗಿಯುವ ತನಕ ಪಟಪಟ ರೊಟ್ಟಿ! ಸೊಸೆ ಪಾಪ, ಸೀಟಿ ಊದಿದಾಗೊಮ್ಮೆ ಬೆಂದ ರೊಟ್ಟಿ ಎತ್ತಿಡುತ್ತಿದ್ದಳು.

ತಂಡ ಗೆಲ್ಲುತ್ತ ಹೋಯಿತು, ರೊಟ್ಟಿ ಏರುತ್ತ ಹೋಯಿತು. ಮನೆಯವರು ತಿಂದು ಸಾಕಾದರು. ಕಡಕ್ ರೊಟ್ಟಿ ಮಾಡಿ ಅಫಜಲಪುರದ ನೆಂಟರಿಗೆ ಕಳಿಸಿದರು, ಜೇವರ್ಗಿಯ ಬೀಗರಿಗೆ ಕಳಿಸಿದರು, ಖಜೂರಿಯ ನಾದಿನಿಗೆ, ಅಂದರೆ ಮಾಮಾನ ತಂಗಿಗೆ, ಗಂಟು ಗಂಟಾಗಿ ಕಳಿಸಿದರು. ಅಫಜಲಪುರದವರು ಕೊನೆಗೆ ನನಗೆ ಫೋನ್ ಮಾಡಿದರು.

"ನಿಮ್ಮತ್ತಿ ಬಸ್ಸಿನಾಗ ಮತ್ತ ರೊಟ್ಟಿ ಕೊಟ್ಟು ಕಳಿಸ್ಯಾರ. ಆ ಟೀಮ್ ಒಂದ್ಸಲ ಸೋತ್ರ ಛಲೋ ಇತ್ತು ನೋಡ್ರಿ."

ಅವರ ಹಾರೈಕೆ ತಟ್ಟಿತೋ ಏನೋ, ಚಳಿಗಾಲದಲ್ಲಿ ಕೆಟ್ಟ ಸುದ್ದಿ ಬಂತು. ತಂಡದಲ್ಲಿ ಜಡೆ ಬಿಟ್ಟುಕೊಂಡ ಒಬ್ಬ ಆಟಗಾರನಿದ್ದ. ಅತ್ತೆ ಅವನನ್ನು ಜಡಿಯವ ಎನ್ನುತ್ತಿದ್ದರು. ಗೋಲುಗಳಲ್ಲಿ ಮುಕ್ಕಾಲುಪಾಲು ಅವನವೇ. ಅವನನ್ನು ನೀಲಿ ಅಂಗಿಯ ತಂಡವೊಂದು ಕೊಂಡುಕೊಂಡಿತು ಎಂದು ನಾನೇ ಹೇಳಬೇಕಾಯಿತು. ಅತ್ತೆ ಎದ್ದು ಹೋಗಿ ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ, ಮೇಲೊಂದು ಹಸಿರು ಕುಬಸದ ಖಣ ಇಟ್ಟುಕೊಂಡು ಬಂದರು. ಟೀವಿಯಲ್ಲಿ ಜಡಿಯವನ ಮುಖ ಬಂದಾಗ ತಟ್ಟೆಯನ್ನು ಅದರ ಮುಂದೆ ಹಿಡಿದರು. ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವಾಗ ಉಡಿ ತುಂಬುತ್ತಾರಲ್ಲ, ಅದು!

"ಅತ್ತಿ, ಗಂಡಸಿಗಿ ಉಡಿ ತುಂಬತಾರೇನು?"

"ಜಡಿ ಅದ, ಮನಿ ಬಿಟ್ಟು ಹೊಂಟಾನ. ಮತ್ತೇನ ಬೇಕು?" ಎಂದವರೇ ಟೀವಿಗೆ ಬುದ್ಧಿ ಹೇಳಿದರು: "ಹೋದ ಮನ್ಯಾಗ ಹೊಂದಿಕೊಂಡು ಇರಪಾ. ಉಣ್ಣೂದು ತಿನ್ನೂದು ಬಿಡಬ್ಯಾಡ. ನಮ್ಮ ಮ್ಯಾಲ ಗೋಲ್ ಹಾಕಬ್ಯಾಡ."

ಅವನು ಉಣ್ಣುವುದು ತಿನ್ನುವುದು ಬಿಟ್ಟನೋ ಇಲ್ಲವೋ ತಿಳಿಯದು. ಕೆಂಪಂಗಿಯವರ ಮೇಲೆ ಮಾತ್ರ ಮುಂದಿನ ತಿಂಗಳೇ ಗೋಲು ಹಾಕಿದ. ಸಾಲದ್ದಕ್ಕೆ ಮೈದಾನದ ಮೂಲೆಗೆ ಓಡಿಹೋಗಿ ಕುಣಿದ. ಅತ್ತೆ ಕೈಯಲ್ಲಿದ್ದ ಹಿಟ್ಟಿನ ಉಂಡೆಯನ್ನು ಕೊಣಮಿಗೆಗೆ ಕುಕ್ಕಿ, "ನಾ ಕೊಟ್ಟ ಖಣ ತಿರುಗಿ ಕೊಡು ಅನ್ನು ಅವಂಗ," ಎಂದರು. ಖಣ ಟೀವಿಯ ಕೆಳಗಿನ ಮೇಜಿನ ಮೇಲೆಯೇ ಇತ್ತು. ಅತ್ತೆ ಅದನ್ನು ಮಡಚಿ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು.

ಅಲ್ಲಿಂದ ಸೋಲು ಶುರುವಾಯಿತು. ರೊಟ್ಟಿ ತೆಳ್ಳಗೆ ಬಡಿದು ನೋಡಿದರು, ದಪ್ಪ ಬಡಿದು ನೋಡಿದರು. ಸಜ್ಜೆ ರೊಟ್ಟಿಯನ್ನೂ ಬಿಡಲಿಲ್ಲ. ಅಂಕಪಟ್ಟಿಯಲ್ಲಿ ತಂಡ ಜಾರುತ್ತ ಜಾರುತ್ತ ತಳಕ್ಕೆ ಬಂತು. ತೀರ ತಳದಲ್ಲಿ ಉಳಿದವರನ್ನು ಕೆಳಗಿನ ದರ್ಜೆಗೆ ದಬ್ಬುತ್ತಾರೆ ಎಂದು ವಿವರಿಸಿದೆ.

"ದಬ್ಬಲಿ. ಕೆಳಗ ಕುಂತೇ ನೋಡತೇವಿ."

"ಹಂಗಲ್ಲ ಅತ್ತಿ. ಕೆಳಗಿನವರ ಆಟ ನಮ್ಮ ಟೀವ್ಯಾಗ ಬರಂಗಿಲ್ಲ."

ಅತ್ತೆ ನನ್ನನ್ನು ನೋಡಲಿಲ್ಲ. ಮಾಮಾನ ಕಾಲನ್ನು ನೋಡಿದರು. ಆ ಹೊತ್ತಿಗೆ ಬಲಗಾಲು ಸ್ಟೂಲಿನಿಂದ ಒಂದು ಗೇಣು ಮೇಲೆದ್ದು ಇಳಿಯುತ್ತಿತ್ತು. ಕೆಂಪಂಗಿಯವರು ಉಳಿಯಲಿ ಎಂದು ಅವತ್ತು ನಾನೂ ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ. ಅವರಲ್ಲಿ ಒಬ್ಬನ ಹೆಸರೂ ನನಗೆ ಗೊತ್ತಿರಲಿಲ್ಲ.

ಕೊನೆಯ ಆಟ ಬಿಸಿಲುಗಾಲದ ಒಂದು ರವಿವಾರ. ಮಗ, ಸೊಸೆ ಜೇವರ್ಗಿಗೆ ಹೋಗಿದ್ದರು. ನಾನೂ ಊರಿನಲ್ಲಿರಲಿಲ್ಲ. ಕೆಂಪಂಗಿಯವರು ಸೋತು ಕೆಳಗಿಳಿದರು. ಅತ್ತೆ ಟೀವಿ ಆರಿಸಿದರು, ಒಲೆ ಆರಿಸಿದರು, ಫೋನನ್ನೂ ಆರಿಸಿದರು. ಮರುದಿನ ಮಾಮಾನಿಗೆ ಹಾಲು, ಬಾಳೆಹಣ್ಣು ಕೊಟ್ಟು, ತಲೆ ಬಾಚದೆ ಹೋಗಿ ಬಾಗಿಲಲ್ಲಿ ಕೂತುಬಿಟ್ಟರು. ಮಾತಾಡಿಸಿದವರ ಮುಂದೆ ಕಣ್ಣೊರೆಸಿಕೊಂಡರು. ಪಕ್ಕದ ಮನೆಯಾಕೆ ಗಾಬರಿಯಾಗಿ ಖಜೂರಿಯ ನಾದಿನಿಗೆ ಸುದ್ದಿ ಮುಟ್ಟಿಸಿದರು: ನಿಮ್ಮಣ್ಣನ ಮನೆಯಲ್ಲಿ ಒಲೆ ಹಚ್ಚಿಲ್ಲ.

ನಮ್ಮ ಕಡೆ ಒಲೆ ಹಚ್ಚದ ಮನೆ ಎಂದರೆ ಸಾವಾದ ಮನೆ. ನೆಂಟರು ಅಡುಗೆ ಮಾಡಿ ಬುತ್ತಿ ಕಟ್ಟಿಕೊಂಡು ಬಂದು, ಅತ್ತು, ಉಣ್ಣಿಸಿ ಹೋಗುತ್ತಾರೆ. ಲಕ್ವಾ ಹೊಡೆದ ಅಣ್ಣ ಬೇರೆ. ನಾದಿನಿ ಹೆಚ್ಚು ವಿಚಾರಿಸಲು ಹೋಗಲಿಲ್ಲ. ರೊಟ್ಟಿ, ಝುಣಕ ಗಂಟು ಕಟ್ಟಿ, ಸಿಕ್ಕ ಲಾರಿ ನಿಲ್ಲಿಸಿ ಹತ್ತಿ, ಓಣಿಯ ತುದಿಯಿಂದಲೇ ಹಾಡಿಕೊಂಡು ಅಳುತ್ತ ಬಂದರು. ಹಾಡಿಕೊಂಡು ಅಳುವುದೆಂದರೆ ಹೋದವರ ಒಳ್ಳೆಯ ಗುಣಗಳನ್ನೆಲ್ಲ ಒಂದೊಂದಾಗಿ ಹೇಳಬೇಕು.

"ಬಂಗಾರದಂಥಾ ಅಣ್ಣನೋ, ಪಂಚಮಿಗಿ ಸೀರಿ ತಪ್ಪಿಸಿದವನಲ್ಲೋ, ತಂಗಿ ಬಂದ್ರ ಎದ್ದು ನಿಂತು ನೀರು ಕೊಡತಿದ್ದೆಲ್ಲೋ..."

ಈ ನಾದಿನಿ ಪ್ರತಿ ಪಂಚಮಿಗೂ ಸೀರೆಯ ಬಣ್ಣ ಸರಿಯಿಲ್ಲವೆಂದು ಜಗಳ ತೆಗೆದವರು. ಅಣ್ಣನ ಬಗ್ಗೆ ಇವರ ಬಾಯಲ್ಲಿ ಒಳ್ಳೆಯ ಮಾತು ಬಂದದ್ದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅಳುತ್ತ ಹೊಸ್ತಿಲು ದಾಟಿದರು. ಎದುರಿಗೆ ಕುರ್ಚಿಯಲ್ಲಿ ಬಂಗಾರದಂಥ ಅಣ್ಣ ಬಾಳೆಹಣ್ಣು ತಿನ್ನುತ್ತ ಕೂತಿದ್ದರು. ನಾದಿನಿಯ ಬಾಯಿ ನಿಂತಿತು. ಮಾಮಾ ಎಡಗೈ ಎತ್ತಿ, "ಏ," ಎಂದು ಸನ್ನೆ ಮಾಡಿದರು. ನಿಲ್ಲಿಸಬೇಡ, ಮುಂದುವರಿಸು ಎಂದು!

"ವೈನಿ, ಹೋದವರು ಯಾರು ಮತ್ತ?" ಎಂದು ನಾದಿನಿ ಕೇಳಿದರಂತೆ. ಅತ್ತೆ ಟೀವಿಯ ಕಡೆ ಕೈ ತೋರಿಸಿ ಆಗ ಬಾಯಿಬಿಟ್ಟು ಅತ್ತರಂತೆ. ವಿಷಯ ತಿಳಿದ ನಾದಿನಿ ಬೈದ ಬೈಗುಳ ಬರೆಯುವಂಥದ್ದಲ್ಲ. ಬೈಯುತ್ತಲೇ ಬುತ್ತಿ ಬಿಚ್ಚಿ ಇಬ್ಬರಿಗೂ ಉಣ್ಣಿಸಿದರು. ರೊಟ್ಟಿ ಮಾತ್ರ ಅತ್ತೆಯೇ ಹಿಂದೆ ಕಳಿಸಿದ ಕಡಕ್ ರೊಟ್ಟಿಯಾಗಿತ್ತು.

ಮಳೆಗಾಲ ಬಂದು ಇಂಗ್ಲೆಂಡಿನಲ್ಲಿ ಹೊಸ ಸಾಲಿನ ಆಟ ಶುರುವಾಯಿತು. ಟೀವಿಯಲ್ಲಿ ಬೇರೆ ತಂಡಗಳ ಆಟ ಹಾಕಿ ನೋಡಿದರು. ಮಾಮಾ ಮುಖ ತಿರುಗಿಸಿದರು. ಕಾಲು ಮತ್ತೆ ಸ್ಟೂಲಿಗೆ ಅಂಟಿಕೊಂಡಿತು. ಬೇರೆ ದಾರಿ ಕಾಣದೆ, ಕೆಳದರ್ಜೆಯ ಆಟದ ಅಂಕಿ ತೋರಿಸುವ ಆ್ಯಪ್ ಒಂದನ್ನು ಅತ್ತೆಯ ಫೋನಿಗೆ ಹಾಕಿಕೊಟ್ಟೆ. ಅದರಲ್ಲಿ ಯಾರು ಎಷ್ಟು ಗೋಲು ಹಾಕಿದರು ಎಂಬುದು ಬಿಟ್ಟು ಬೇರೇನೂ ಬರುವುದಿಲ್ಲ.

ಮುಂದಿನ ಶನಿವಾರ ಹೋದಾಗ ಓಣಿಯಿಂದಲೇ ಅತ್ತೆಯ ದನಿ ಕೇಳಿಸಿತು. ಒಳಗೆ ಟೀವಿ ಆರಿತ್ತು. ಅತ್ತೆ ಸೀರೆ ಮೇಲಕ್ಕೆ ಸಿಕ್ಕಿಸಿ, ಅಡುಗೆಮನೆಯ ಹೊಸ್ತಿಲ ಮುಂದೆ ಎರಡೂ ಕೈ ಅಗಲಿಸಿ ಕೂತಿದ್ದರು. ಮಾಮಾನ ಬಲಗಾಲಿನ ಮುಂದೆ ಹಳೆಯ ಕೌದಿಯ ಚಿಂದಿಯಿಂದ ಕಟ್ಟಿದ ಚೆಂಡು ಇತ್ತು.

"ಉದ್ದಾನವ ಓಡಾಕತ್ತಾನ್ರಿ. ಇಬ್ರನ್ನ ದಾಟಿದ. ನಿಮ್ಮ ಕಡೆ ನೋಡಿದ. ಚೆಂಡು ನಿಮ್ಮ ಕಾಲಾಗ ಬಂತು. ಗಡಿಬಿಡಿ ಮಾಡಬ್ಯಾಡ್ರಿ, ಇನ್ನಾ ಟೈಮ್ ಅದ. ಒದೀರಿ ಈಗ."

ಮಾಮಾನ ಹಣೆಯ ಮೇಲೆ ಬೆವರು. ತುಟಿ ಕಚ್ಚಿಕೊಂಡಿದ್ದರು. ಕಾಲು ನಡುಗಿತು, ನಿಂತಿತು, ಮತ್ತೆ ನಡುಗಿತು. ಚಿಂದಿಯ ಚೆಂಡು ಮೆಲ್ಲಗೆ ಉರುಳಿ ಬಂತು. ಅತ್ತೆ ಅದನ್ನು ಹಿಡಿಯುವಂತೆ ಹೋಗಿ, ಹಿಡಿಯದೆ, ಪಕ್ಕಕ್ಕೆ ವಾಲಿಬಿದ್ದರು. ಚೆಂಡು ಹೊಸ್ತಿಲಿಗೆ ತಾಗಿತು.

"ಗೋಲ್," ಎಂದರು ಅತ್ತೆ ನೆಲದ ಮೇಲಿಂದಲೇ. "ಎರಡಾದವು. ಗೆದ್ದೇವ್ರಿ."

ನಾನು ಮೇಜಿನ ಮೇಲಿದ್ದ ಫೋನು ನೋಡಿದೆ. ಆಟ ಆಗಲೇ ಮುಗಿದಿತ್ತು. ಕೆಂಪಂಗಿಯವರು ಒಂದೂ ಗೋಲು ಹಾಕದೆ ಸೋತಿದ್ದರು. ಅತ್ತೆಯ ಕಿವಿಯ ಹತ್ತಿರ ಬಗ್ಗಿ, "ಅಲ್ಲಿ ಸೋತಾರಲ್ಲ ಅತ್ತಿ," ಎಂದೆ.

"ಅಲ್ಲಿದು ನನಗ ಗೊತ್ತಿಲ್ಲ ಬೇ," ಎಂದರು ಅತ್ತೆ, ದನಿ ತಗ್ಗಿಸದೆ. "ಇಲ್ಲಿ ಎರಡು ಹಾಕ್ಯಾರ. ನಾ ಕಣ್ಣಲೆ ನೋಡೇನಿ."

ನನಗೆ ಅಳು ಬಂತು. ಅತ್ತೆ ಸೆರಗಿನಿಂದ ಮಾಮಾನ ಹಣೆ ಒರೆಸಿದರು. ಮಾಮಾ "ಏ," ಎಂದರು, ಬಲಗಾಲನ್ನು ತಾವೇ ಹಿಂದಕ್ಕೆ ಎಳೆದುಕೊಂಡರು, ಚೆಂಡು ತಂದಿಡು ಎಂದು ಹೊಸ್ತಿಲ ಕಡೆಗೆ ಗದ್ದ ಆಡಿಸಿದರು.