ಪುಟ್ಟಿಯ ಸಿರಪ್ಪು

ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ ತೂಕ ಬರೆಯುವ ಶಾಂತರಾಜುವಿಗೆ ನಲವತ್ತಕ್ಕೆ ಎರಡೇ ಕಡಿಮೆ. ಒಂಟಿ ಜೀವ. ಹದಿಮೂರು ಕಡೆ ಹೆಣ್ಣು ನೋಡಿ ಬಂದಿದ್ದ. ತಿರುಗಿ ಇವನ ಮನೆ ನೋಡಲು ಯಾರೂ ಬಂದಿರಲಿಲ್ಲ. ಇವತ್ತು ಮೂರು ಗಂಟೆಗೆ ಕುದೇರಿನಿಂದ, ಕಡೆಯದಾಗಿ ನೋಡಿ ಬಂದಿದ್ದ ನಾಗಲಕ್ಷ್ಮಿಯ ಅಪ್ಪ ಪುಟ್ಟಮಲ್ಲಪ್ಪನವರು ಬರುವವರಿದ್ದರು. ಇಂಥ ದಿನವೇ ಬೆಳಿಗ್ಗೆ ಅವನ ಬೆಕ್ಕು ಪುಟ್ಟಿ ಮೂಲೆಮೂಲೆಗೂ ಹೋಗಿ ಕೂತು, ತೊಟ್ಟು ಉಚ್ಚೆಗೆ ತಿಣುಕತೊಡಗಿತು.

ದನದ ಆಸ್ಪತ್ರೆಯ ಡಾಕ್ಟರು, "ಉಚ್ಚೆ ದಾರೀಲಿ ಇನ್‌ಫೆಕ್ಷನ್ ಆಗಿದೆ. ಮಕ್ಕಳಿಗೆ ಕೊಡೋ ಆ್ಯಂಟಿಬಯೋಟಿಕ್ ಸಿರಪ್ಪೇ ಸಾಕು. ದಿನಕ್ಕೆರಡು ಸಲ, ಏಳು ದಿನ, ನಡುವೆ ನಿಲ್ಲಿಸಬೇಡಿ" ಎಂದು ಕೈಗೆ ಸಿಕ್ಕ ಬಿಳಿ ಹಾಳೆಯಲ್ಲಿ ಚೀಟಿ ಬರೆದರು. ಪುಟ್ಟಿ, ಹೆಣ್ಣು, ಎರಡು ವರ್ಷ. ಬೆಕ್ಕೆಂದು ಬರೆಯುವುದು ಅವರಿಗೂ ಹೊಳೆಯಲಿಲ್ಲ.

ಪುಟ್ಟಿಯನ್ನು ಮನೆಗೆ ಬಿಟ್ಟು ಬಂದು ಮೆಡಿಕಲ್ ಸ್ಟೋರಿನ ಮುಂದೆ ನಿಂತಾಗ ಶಾಂತರಾಜುವಿನ ಮನಸ್ಸು ಅಲ್ಲಿರಲಿಲ್ಲ. ಅವನು ಆಗಲೇ ನಾಗಲಕ್ಷ್ಮಿಯನ್ನು ಮನೆತುಂಬಿಸಿಕೊಂಡು, ಹಿತ್ತಲಲ್ಲಿ ಅವಳು ಬಟ್ಟೆ ಹರವುವುದನ್ನು ನೋಡುತ್ತಿದ್ದ. ಬಳೆಯ ಸದ್ದೂ ಕೇಳಿಸುತ್ತಿತ್ತು.

"ಯಾರ್ದಣ್ಣ ಪುಟ್ಟಿ?" ಎಂದ ಅಂಗಡಿಯ ಶಿವರಾಮು.

"ನಮ್ದೇ ಕಣಪ್ಪ."

"ತಾಯಿ ಎಲ್ಲವ್ಳೆ?"

"ಹೆತ್ತು ತಿಂಗ್ಳಿಗೇ ಬುಟ್ಟು ಓದ್ಲು. ನಾನೇ ಹಾಲಾಕಿ ಸಾಕ್ದೆ. ನನ್ ಎದೆ ಮ್ಯಾಲೇ ನಿದ್ದೆ."

ಶಿವರಾಮುವಿನ ಕಣ್ಣು ತುಂಬಿ ಬಂತು.

ಮಧ್ಯಾಹ್ನ ಮಂಡಿಗೆ ಬಂದರೆ ಹಮಾಲರೆಲ್ಲ ಮೂಟೆ ಇಳಿಸಿ ಇವನನ್ನೇ ನೋಡುತ್ತಿದ್ದರು. ಜೊತೆಗಾರ ಮಾದೇಶ ಪಕ್ಕಕ್ಕೆಳೆದ. "ಎಲ್ಡೊರ್ಸದ ಮಗು ಮಡಿಕ್ಕಂಡು ನಮ್ಗೊಂದ್ ಮಾತೂ ಏಳ್ನಿಲ್ವಲ್ಲಾ. ಶಿವರಾಮು ಹೆಂಡ್ತಿ ಕುದೇರೋಳು. ಅಲ್ಲಿಗೂ ಪೋನ್ ಓಗ್ಬುಟ್ಟದೆ."

"ಅದು ಬೆಕ್ಕು ಕಣ್ಲಾ."

"ಬೆಕ್ಕಿಗ್ಯಾರ್ಲಾ ಸಿರಪ್ ಕುಡಿಸ್ತಾರೆ? ಇರ್ಲಿ ಬುಡು, ತಪ್ಪು ಯಾರ್ ಮಾಡಲ್ಲ."

ಶಾಂತರಾಜು ಬಿದ್ದಂಬೀಳ ಮನೆಗೆ ಓಡಿದ. ಪುಟ್ಟಮಲ್ಲಪ್ಪನವರು ಆಗಲೇ ಜಗಲಿಯ ಮೇಲೆ ಕೂತಿದ್ದರು. ಮುಖದಲ್ಲಿ ಸಿಟ್ಟಿಲ್ಲ. ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ, ಒಂದು ಗಿಲಕಿ.

"ಮಗೀಗೆ ಉಸಾರಿಲ್ವಂತಲ್ಲ. ಕರ್ಕಬನ್ನಿ, ನೋಡನ."

ಮಾನ ಉಳಿಸಿಕೊಳ್ಳುವ ಆತುರದಲ್ಲಿ ಶಾಂತರಾಜು ಪುಟ್ಟಿಯನ್ನು ಟವೆಲಿನಲ್ಲಿ ಸುತ್ತಿ ತಂದು, ಅವರೆದುರೇ ಬಾಯಿ ಬಿಡಿಸಿ ಸಿರಪ್ಪು ಹಾಕಿದ. ಅರ್ಧ ಬೆಕ್ಕಿನ ಹೊಟ್ಟೆಗೆ, ಅರ್ಧ ಇವನ ಹೊಸ ಅಂಗಿಗೆ. ಕೈಯೆಲ್ಲ ಪರಚುಗಾಯ. ಸಾಲದೆಂದು ಡಾಕ್ಟರಿಗೆ ಫೋನು ಮಾಡಿ, ಪುಟ್ಟಿ ಎಂದರೆ ಬೆಕ್ಕೇ ಎಂದು ಅವರ ಬಾಯಲ್ಲೂ ಹೇಳಿಸಿದ. "ನಂಗೆ ಮಗೂನೂ ಇಲ್ಲ, ಮರೀನೂ ಇಲ್ಲ ಯಜಮಾನ್ರೆ" ಎಂದ ಗೆದ್ದವನಂತೆ.

ಪುಟ್ಟಮಲ್ಲಪ್ಪನವರು ಗಿಲಕಿಯನ್ನು ಜೇಬಿಗೆ ಹಾಕಿಕೊಂಡರು.

"ನಮ್ ಲಕ್ಷ್ಮಿಗೂ ಒಂದು ಮಗು ಅದೆ ಕಣಪ್ಪ. ಗಂಡು, ಮೂರೊರ್ಸ. ಗಂಡ ಬುಟ್ಟು ಓದ. ನೀವು ನೋಡೋಕೆ ಬಂದಾಗ ನೆಂಟ್ರ ಮನೇಲಿ ಮಡಗಿದ್ವಿ, ಏಳೋಕೆ ದೈರ್ಯ ಇರ್ನಿಲ್ಲ. ಬೆಳಿಗ್ಗೆ ಪೋನ್ ಬಂದಾಗ ಅವ್ಳೇ ಅಂದ್ಲು, ತಾಯಿಲ್ದ ಮಗೀನ ಸಾಕ್ದೋರು ನನ್ ಮಗೀನೂ ಸಾಕ್ತಾರೆ, ಇದ್ನೇ ಗಟ್ಟಿ ಮಾಡ್ಬುಡಪ್ಪ ಅಂತ."

ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದವಳ ಸೆರಗು ಹಿಡಿದು ಒಂದು ಪುಟ್ಟ ಹುಡುಗ ನಿಂತಂತೆ ಶಾಂತರಾಜುವಿಗೆ ಕಂಡಿತು. ಎಷ್ಟು ಚೆನ್ನಾಗಿತ್ತು ಅದು. "ಮಗು ಇದ್ರೆ ಇರ್ಲಿ, ನಂಗೇನೂ ಅಡ್ಡಿಯಿಲ್ಲ" ಎಂದ. ಮನಸ್ಸಿನಿಂದಲೇ ಎಂದ.

"ಈಗ ಅಂಗೇ ಅಂತೀರ. ನಾಳೆ ಒಂದಿನ, ನಂಗೆ ಮೊದಲ್ನೇ ಮದ್ವೆ, ನೀನು ಮಗು ಕಟ್ಕಂಡು ಬಂದೋಳು ಅನ್ನೋ ಮಾತು ಬತ್ತದೆ. ನಿಮ್ಗೂ ಒಂದು ಮಗು ಇದ್ದು ಸಮಸಮ ಆಗಿದ್ರೆ ಆ ಮಾತಿರ್ನಿಲ್ಲ."

ಅವರು ಚಪ್ಪಲಿ ಮೆಟ್ಟಿ ನಡೆದರು. ಶಾಂತರಾಜು ಬೆಕ್ಕನ್ನು ಎತ್ತಿಕೊಂಡೇ ಬಸ್ ಸ್ಟ್ಯಾಂಡಿನವರೆಗೂ ಹಿಂದೆ ಓಡಿದ.

"ಯಜಮಾನ್ರೆ, ಒಂದ್ನಿಮ್ಸ. ನಂಗೂ ಒಂದು ಮಗು ಅದೆ ಅಂತ್ಲೇ ಇಟ್ಕಳಿ."

ಪುಟ್ಟಮಲ್ಲಪ್ಪನವರು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅವನನ್ನೂ ಬೆಕ್ಕನ್ನೂ ನೋಡಿದರು.

"ಬೆಕ್ಕು ಅಂತ ನೀವೇ ತೋರ್ಸ್‌ಬುಟ್ರಲ್ಲಪ್ಪ" ಎಂದು ಒಳಗೆ ಹೋದರು.