ಅವ್ವಾ, ಸರ್ವರ್ ಎದ್ದೈತೇನು?

ನಮ್ಮ ಕಾಕಾನ ಪ್ರಾಣ ಅವನ ಎದೆಯೊಳಗಿಲ್ಲ. ಕಾಂದಿವಲಿಯ ನಮ್ಮ ಫ್ಲ್ಯಾಟಿನ ಚಪ್ಪಲಿ ಸ್ಟ್ಯಾಂಡಿನ ಮೇಲಿದೆ. ನಂಬಿಕೆ ಇಲ್ಲದಿದ್ದರೆ ಬಂದು ನೋಡಿ. ಚಪ್ಪಲಿ ಮಾತ್ರ ಮೆಟ್ಟಿಲ ಮೇಲೆ ಬಿಟ್ಟು ಬನ್ನಿ, ಸ್ಟ್ಯಾಂಡಿನಲ್ಲಿ ಈಗ ಚಪ್ಪಲಿಗೆ ಜಾಗವಿಲ್ಲ. ಅಲ್ಲೊಂದು ಹಳೆಯ ಕಂಪ್ಯೂಟರ್ ಕೂತಿದೆ. ಕಾಕಾ ಅದನ್ನು ‘ಸರ್ವರ್’ ಎನ್ನುವಾಗ ದನಿ ಎಷ್ಟು ತಗ್ಗುತ್ತದೆ ಅಂದರೆ, ಮನೆಗೆ ಮಠದ ಸ್ವಾಮಿಗಳು ಬಂದಿದ್ದಾರೆ ಅನ್ನಿಸಬೇಕು!

ಸರ್ವರ್ ಅಂದರೆ ಹೆದರಬೇಡಿ. ಕಾಕಾನ ಹೆಂಡತಿ, ನಮ್ಮ ಕಾಕು, ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತಾಳೆ. ಬೇಕಾದವರು ಫೋನಿನಲ್ಲಿ ಅವಳ ಪುಟ ತೆರೆದು ಆರ್ಡರ್ ಹಾಕುತ್ತಾರೆ. ಕೇಳಿದವರಿಗೆಲ್ಲ ಆ ಪುಟ ಬಡಿಸುವುದು ಸರ್ವರಿನ ಕೆಲಸ. ಅದು ಮಲಗಿತೋ, ಆರ್ಡರ್ ಇಲ್ಲ, ರೊಟ್ಟಿ ಇಲ್ಲ. ಪರೇಲಿನ ಆಫೀಸುಗಳಲ್ಲಿರುವ ವಿಜಯಪುರದ ಮಂದಿಯೆಲ್ಲ ವಡಾಪಾವ್ ಹಿಡಿದು ಕಣ್ಣೀರು ಹಾಕಬೇಕು.

ಮತ್ತೆ ಅದು ದಿನಾ ಬೆಳಿಗ್ಗೆ ಮಲಗುತ್ತಿತ್ತು. ಯಾಕೆ? ಕಾಕು ಚಟ್ನಿಗೆಂದು ಮಿಕ್ಸರ್ ಹಚ್ಚಿದ ಕೂಡಲೇ ಮನೆಯ ಮೇನ್ ಸ್ವಿಚ್ ಢಬ್ ಅಂತ ಬೀಳುತ್ತಿತ್ತು. ಅಂದರೆ, ಚಟ್ನಿಯೇ ಚಟ್ನಿಯ ಅಂಗಡಿ ಮುಚ್ಚಿಸುತ್ತಿತ್ತು! ಸ್ವಿಚ್ ಎತ್ತಿದರೆ ಕಂಪ್ಯೂಟರ್ ತಾನೇ ಎದ್ದು ಕೂರುತ್ತದೆ, ನಿಜ. ಆದರೆ ಒಳಗಿನ ಸರ್ವರ್ ಮಾತ್ರ ಮಾವನ ಮನೆಗೆ ಬಂದ ಅಳಿಯನಿದ್ದಂತೆ. ಯಾರಾದರೂ ಕರೆದು ಎಬ್ಬಿಸಬೇಕು.

ಆ ಹೊತ್ತಿಗೆ ಕಾಕಾ ಲೋಕಲ್ ಟ್ರೇನಿನಲ್ಲಿ, ಕಾಕುವಿನ ಮೊಣಕೈತನಕ ಹಿಟ್ಟು. ಹಾಗಾಗಿ ಎಬ್ಬಿಸುವ ಅಧಿಕಾರ ಅಜ್ಜಿಯ ಪಾಲಿಗೆ ಬಂತು. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಅದಕ್ಕೆ ಕಾಕಾ ಕಾಕು ಹಣೆಗೆ ಹಚ್ಚುವ ಟಿಕಳಿ ಪಾಕೀಟು ಕದ್ದು, ‘ಸ್ಟಾರ್ಟ್’ ಅಂತ ಒತ್ತಬೇಕಾದ ಕೀಲಿಗಳಿಗೆಲ್ಲ ಬಣ್ಣಬಣ್ಣದ ಟಿಕಳಿ ಅಂಟಿಸಿದ. ಒತ್ತುವ ಸಾಲು ಇಷ್ಟೇ: ಕೆಂಪು, ಹಸಿರು, ಹಳದಿ, ನೀಲಿ, ಮತ್ತೆ ಹಸಿರು. ಜಗತ್ತಿನಲ್ಲಿ ಕುಂಕುಮ ಇಟ್ಟುಕೊಂಡ ಕೀಬೋರ್ಡ್ ಇದೊಂದೇ ಇರಬೇಕು!

ಮಜಾ ಕೇಳಿ. ಮನೆಯಲ್ಲಿ ಕಾಕಾನಿಗೂ ಅಜ್ಜಿಗೂ ಮಾತೇ ಇಲ್ಲ. ಜಗಳವಲ್ಲ, ತಾಯಿ ಮಗ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದವರು. ಮಾತಾಡಿದರೂ “ಫ್ಯಾನ್ ಸಣ್ಣ ಮಾಡು”, “ಮಾಡೇನಿ”. ಅಷ್ಟೇ. ಆದರೆ ಲೋಕಲ್ ಹತ್ತಿ ಫೋನ್ ಹಿಡಿದನೋ, ಕಾಕಾನ ಗಂಟಲಿಗೆ ಲೌಡ್‌ಸ್ಪೀಕರ್ ಬರುತ್ತದೆ.

ಕಾಲೇಜಿಗೆ ಹೋಗುವ ನಾನೂ ಅದೇ ಡಬ್ಬದಲ್ಲಿ ನೇತಾಡುತ್ತಿರುತ್ತೇನೆ. ಒಂದು ದಿನ ಆ ಗದ್ದಲದಲ್ಲಿ ಕಾಕಾ ಕೂಗಿದ: “ಅವ್ವಾ, ಎದ್ದೈತೇನು? ಇನ್ನೂ ಇಲ್ಲಾ? ಉಸರs ಇಲ್ಲೇನು?”

ಪಕ್ಕದ ಮರಾಠಿ ಅಜ್ಜನ ಮುಖ ಬಿಳಿಚಿಕೊಂಡಿತು. “ಕೋಣ್ ಆಜಾರಿ ಆಹೇ?” ಎಂದು ನನ್ನನ್ನು ಕೇಳಿದ. ಕಾಯಿಲೆ ಯಾರಿಗೆ ಅಂತ. ಚಪ್ಪಲಿ ಸ್ಟ್ಯಾಂಡಿಗೆ ಅಂತ ಹೇಳಲು ನನಗೆ ಮನಸ್ಸು ಬರಲಿಲ್ಲ. “ಘರ್‌ಚಾ ಮಾಣೂಸ್,” ಎಂದೆ, ಮನೆಯವನೇ. ಅಜ್ಜ ಎದ್ದು ಕಾಕಾನಿಗೆ ಕಿಟಕಿಯ ಸೀಟು ಕೊಟ್ಟ! ಲೋಕಲ್‌ನಲ್ಲಿ ಕಿಟಕಿಯ ಸೀಟು ಅಂದರೆ ಅರ್ಧ ಆಸ್ತಿ ಬರೆದುಕೊಟ್ಟ ಹಾಗೆ. ಕಾಕಾ ಅದರಲ್ಲಿ ಆರಾಮಾಗಿ ಕೂತು ಮಾತು ಮುಂದುವರಿಸಿದ: “ಎದ್ದತಾ? ಚಲೋ ಆತು. ಗುಳಿಗಿ ತಗೊಂಡ್ಯಾ? ಮೊಣಕಾಲು ಹೆಂಗೈತಿ?” ಜೋಗೇಶ್ವರಿಯಲ್ಲಿ ಶುರುವಾದ ಮೊಣಕಾಲು ದಾದರ್ ಬಂದರೂ ಮುಗಿಯಲಿಲ್ಲ.

ನನ್ನಂಥ ಜಾಣ ಮನೆಯಲ್ಲಿರುವಾಗ ಈ ಫಜೀತಿ ಯಾಕೆ? “ಕಾಕಾ, ಕಂಪ್ಯೂಟರ್ ಎದ್ದ ಕೂಡ್ಲೇ ಸರ್ವರ್ ಸುದ್ಧಾ ಏಳೂ ಹಂಗ ಮಾಡ್ತೀನಿ. ಬಂದ್ ಮಾಡೂಮುಂದ ತಾನs ಶಿಸ್ತಲೇ ನಿಂದರ್ತೈತಿ. ಏಕ್‌ದಮ್ ಆಟೋಮ್ಯಾಟಿಕ್,” ಎಂದೆ.

“ನೋಡೂಣಂತ. ಐತವಾರ ನೋಡೂಣು,” ಎಂದ ಕಾಕಾ. ಭಾನುವಾರಗಳು ಬಂದವು, ಹೋದವು. ಕಾಕಾ ಪ್ರತಿ ಸಲ ಭಾಜಿ ತರಲು ಮಾರ್ಕೆಟ್ಟಿಗೆ ಓಡಿದ.

“ಅವನೇನ್ ಕೇಳ್ತಿ, ಮಾಡಿಬಿಡು,” ಎಂದಳು ಕಾಕು. ಮಾಡಿಬಿಟ್ಟೆ. ನಾಲ್ಕು ಸಾಲು ಬರೆದೆ, ನಾಲ್ಕು ನೂರು ಬರೆದವನ ಹಾಗೆ ಬೆರಳು ನೆಟಿಗೆ ಮುರಿದೆ. ಪರೀಕ್ಷೆಗೆ ಮನೆಯವರೆಲ್ಲ ಸೇರಿದರು. ಕಾಕು ಮಿಕ್ಸರ್ ಹಚ್ಚಿದಳು. ಢಬ್! ಕತ್ತಲೆ. ಸ್ವಿಚ್ ಎತ್ತಿದೆ. ಕಂಪ್ಯೂಟರ್ ಕೀಂಯ್ ಅಂತು, ಹಸಿರು ದೀಪ ಮಿನುಗಿತು, ಫೋನಿನಲ್ಲಿ ಕಾಕುವಿನ ಪುಟ ಪಟ್ ಅಂತ ತೆರೆಯಿತು. ಕೇಳಬೇಕೇ! ಕಾಕು ನನ್ನ ಬಾಯಿಗೆ ಹಿಡಿಗಟ್ಟಲೆ ಚಟ್ನಿ ತುರುಕಿದಳು.

ಅಜ್ಜಿ ಆಗಲೇ ಚಷ್ಮಾ ಏರಿಸಿ, ಸ್ಟೂಲಿನ ಮೇಲೆ ಕೂತು, ಕೆಂಪು ಟಿಕಳಿಯ ಮೇಲೆ ಬೆರಳು ಹಿಡಿದಿದ್ದಳು. “ತಾನs ಎದ್ದತೇನು?” ಎಂದಳು. “ಹೂಂ ಅಜ್ಜಿ, ಇನ್ನ ನಿನಗ ರಜಾ!” ಎಂದೆ. ಅಜ್ಜಿ ಬೆರಳು ಮಡಚಿಕೊಂಡಳು. ಕಾಕಾ ಫ್ಯಾನಿನ ಕಡೆ ನೋಡುತ್ತಿದ್ದ.

ಮರುದಿನ ಲೋಕಲ್‌ನಲ್ಲಿ, ಮಿಕ್ಸರಿನ ಹೊತ್ತಿಗೆ, ಕಾಕಾ ಫೋನ್ ತೆಗೆದ. ನೋಡಿದ. ಕಿಸೆಗೆ ಹಾಕಿದ. ಮತ್ತೆ ತೆಗೆದ. ಕಿಟಕಿಯ ಸೀಟಿಲ್ಲ, ಮಾತಿಲ್ಲ. ನಾನು ಬೀಗುತ್ತ ನನ್ನ ಫೋನನ್ನು ಅವನ ಮೂಗಿಗೆ ಹಿಡಿದೆ. ಪುಟ ತೆರೆದೇ ಇತ್ತು. “ನೋಡು, ಓಡಾಕ್ಹತ್ತೈತಿ.”

ಕಾಕಾ ನನ್ನ ಫೋನಿನ ಮೇಲೆ ಮೆಲ್ಲಗೆ ಅಂಗೈ ಮುಚ್ಚಿದ. ಇನ್ನೊಂದು ಕೈಯಲ್ಲಿ ಮನೆಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ.

“ಅವ್ವಾ, ಸರ್ವರ್ ಎದ್ದೈತೇನು?”

ಆ ಕಡೆ ಸ್ಟೂಲು ಎಳೆದ ಸದ್ದು. ಅಜ್ಜಿಯ ಕಣ್ಣೆದುರಿಗೇ ಹಸಿರು ದೀಪ ಉರಿಯುತ್ತಿರಬೇಕು.

“ತಡೀಪಾ,” ಎಂದಳು ಅಜ್ಜಿ, “ಎಬ್ಬಸ್ತೀನಿ.”

ಟಿಕ್, ಟಿಕ್, ಟಿಕ್. ಕೆಂಪು, ಹಸಿರು, ಹಳದಿ. ಅವಸರವೇ ಇಲ್ಲ. ನೀಲಿ. ಮತ್ತೆ ಹಸಿರು. ‘ನಾನಾಗಲೇ ಎದ್ದಿದ್ದೇನೆ’ ಎಂದು ಆ ಪೆದ್ದು ಕಂಪ್ಯೂಟರ್ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಹೇಳುತ್ತಿತ್ತೋ ಏನೋ. ಅದರ ಮಾತು ಕೇಳುವವರು ಯಾರು?

“ಎದ್ದತಿ ನೋಡು,” ಎಂದಳು ಅಜ್ಜಿ. “ನೀ ನಾಷ್ಟಾ ಮಾಡಿಯೋ, ಇಲ್ಲೋ?”