ಮಾತಾಡದೆ ಕುಳಿತ ದುರಗವ್ವನ ವಿಷಯವಾಗಿ ಕೋಚ್ ಸಾಹೇಬರಲ್ಲಿ ಬಿನ್ನಹ

ಮಾನ್ಯ ಕೋಚ್ ಬಸವೇಶ ಸಾಹೇಬರೇ,

ಶಿಗ್ಗಾವಿ ತಾಲ್ಲೂಕು ಹಿರೇಬೆಂಡಿಗೇರಿಯಿಂದ ಟೇಲರ್ ಸವಿತಾ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ನಮ್ಮ ಅತ್ತೆ ವೀರವ್ವನವರು ವಿಶೇಷವಾಗಿ ಕ್ಷೇಮ ಎಂಬುದನ್ನು ಊರಿನ ಹಿತದೃಷ್ಟಿಯಿಂದ ಮೊದಲೇ ತಿಳಿಸಿಬಿಡುತ್ತೇನೆ.

ದೊಡ್ಡಾಸ್ಪತ್ರೆಯ ಡಾಕ್ಟರು ನನಗಿರುವುದು ಗಮನ ಒಂದೆಡೆ ನಿಲ್ಲದ ತೊಂದರೆ, ಅದರ ಹೆಸರು ಎಡಿಎಚ್‌ಡಿ ಎಂದಾಗ ಅತ್ತೆಯವರು, "ಎಮ್ಮೆ ಮಾಡಿದ್ದ ಸಾಲಲಿಲ್ಲೇನವಾ, ಮತ್ತೊಂದ ಡಿಗ್ರಿ ತಂದಿ?" ಎಂದಿದ್ದರು. ಆ ಡಿಗ್ರಿಗೆ ಕೋಚಿಂಗ್ ಕೊಡಲು ತಾವು ಹುಬ್ಬಳ್ಳಿಯಿಂದ ನನ್ನ ಮೊಬೈಲಿನಲ್ಲಿ ಪ್ರತ್ಯಕ್ಷರಾದಿರಿ. ಔಷಧ ಡಾಕ್ಟರ ಕೆಲಸ, ಮನಸ್ಸಿನ ನೋವಿಗೆ ಆಪ್ತಸಮಾಲೋಚಕರಿದ್ದಾರೆ, ಕೋಚ್ ಎಂದರೆ ಬೈಯದೆ ಕೆಲಸ ಮಾಡಿಸುವವನು ಎಂದು ಮೊದಲ ಭೇಟಿಯಲ್ಲೇ ಪ್ರಾಮಾಣಿಕವಾಗಿ ಹೇಳಿದಿರಿ. ಬೈಯದೆ ಕೆಲಸ ಮಾಡಿಸುವವರನ್ನು ನಮ್ಮ ಸೀಮೆಯಲ್ಲಿ ಅದುವರೆಗೆ ಕಂಡಿರದಿದ್ದ ನನಗೆ ಕಣ್ಣು ತುಂಬಿ ಬಂತು. ತಾಲ್ಲೂಕು ಪಂಚಾಯತಿಗಿರುವಂತೆ ಪ್ರತಿಯೊಬ್ಬರ ತಲೆಯಲ್ಲೂ ಒಬ್ಬ ಕಾರ್ಯನಿರ್ವಾಹಕ ಅಧಿಕಾರಿ ಇರುತ್ತಾನೆಂದೂ, ನನ್ನ ತಲೆಯಲ್ಲಿ ಆ ಹುದ್ದೆ ಯಾರದೋ ಪ್ರಭಾರದಲ್ಲಿ ನಡೆಯುತ್ತಿದೆಯೆಂದೂ ನಾನು ಅರ್ಥ ಮಾಡಿಕೊಂಡೆ.

ನನ್ನ ಕಷ್ಟ ತಮಗೆ ಗೊತ್ತಿದ್ದದ್ದೇ. ಹೊಲಿಯಲು ಬರುತ್ತದೆ, ಮುಗಿಸಲು ಬರುವುದಿಲ್ಲ. ಹೊಸ ಬಟ್ಟೆಗೆ ಕತ್ತರಿ ಹಾಕುವುದೆಂದರೆ ನನಗೆ ಹಬ್ಬ. ಹುಕ್ಕು ಹಚ್ಚುವ ಹೊತ್ತಿಗೆ ಹೊಲಿಗೆ ಬಿಟ್ಟು ಹೋಳಿಗೆಗೆ ಕೈಹಾಕಿರುತ್ತೇನೆ. "ಹುಕ್ಕು ಹಚ್ಚೂದೊಂದ ಉಳದೈತ್ರಿ, ನಾಳೆ ಬರ್ರಿ" ಎಂಬ ನನ್ನ ಮಾತನ್ನು ನಂಬಿದ ಮದುಮಗಳೊಬ್ಬಳು ಹೋದ ವರ್ಷ ತನ್ನ ದೊಡ್ಡಮ್ಮನ ಜಂಪರಿಗೆ ಸುತ್ತಲೂ ಪಿನ್ನು ಚುಚ್ಚಿಕೊಂಡು ಅಕ್ಷತೆ ಹಾಕಿಸಿಕೊಂಡಳು. ಆಮೇಲೆ ಗಿರಾಕಿಗಳು ಕರಗುತ್ತ ಬಂದರು. ಕೊನೆಗೆ ರಟ್ಟೀಹಳ್ಳಿಯ ನನ್ನ ಗೆಳತಿ ಶೀಲಾ ಧೈರ್ಯ ಮಾಡಿ ತನ್ನ ಮದುವೆಯ ಜಂಪರು ಕೊಟ್ಟಾಗ ನನ್ನ ಯಜಮಾನರು ಶಿವಯೋಗಿಯವರು, "ಇದೂ ತಪ್ಪಿತಂದ್ರ ಮುಂದಿನ ಖೋಲಿ ಮೊಬೈಲ್ ಅಂಗಡ್ಯವ್ರಿಗೆ ಬಾಡಿಗಿ ಕೊಡ್ತೇನಿ ನೋಡು, ಮಶಿನ್ ಅಟ್ಟಕ್ಕ" ಎಂದುಬಿಟ್ಟರು.

ಮದುವೆಯ ಹಿಂದಿನ ದಿನವೂ ಹುಕ್ಕು ಹಾಗೇ ಉಳಿದಿತ್ತು. ಆಗ ತಾವು ಅಮೃತದಂಥ ಉಪಾಯ ದಯಪಾಲಿಸಿದಿರಿ: ಗೋಡೆಗೆ ಮುಖ ಮಾಡಿ ಕೂಡಬೇಕು, ಜೊತೆಗೊಬ್ಬರು ಸುಮ್ಮನೆ ಕೂತಿರಬೇಕು, ಮೊಬೈಲಿನ ಗಂಟೆ ಹೊಡೆಯುವವರೆಗೆ ಇಬ್ಬರೂ ತುಟಿ ಬಿಚ್ಚಬಾರದು. ಪಕ್ಕದ ಮನೆಯ ದುರಗವ್ವನನ್ನು ಕೇಳಿಕೊಂಡೆ. "ಮಾತs ಆಡಬಾರದ? ಹಂಗ ಕುಂದ್ರಾಕ ನನಗೇನ್ ಜಡ್ಡಾಗೇತೇನ್ ಯವ್ವಾ?" ಎಂದವಳು, ನನ್ನ ಮುಖ ನೋಡಿ ಕರಗಿ, ಸೆರಗು ತಲೆ ಮೇಲೆ ಹೊದ್ದು, ಗಲ್ಲಕ್ಕೆ ಕೈಯಿಟ್ಟು ಪಡಸಾಲೆಯಲ್ಲಿ ಕೂತಳು.

ಸಾಹೇಬರೇ, ತಾವು ಕಲಿತ ಪುಸ್ತಕ ಬರೆದವರ ಊರಿನಲ್ಲಿ ಜನ ಯಾವಾಗ ಬೇಕಾದರೂ ಸುಮ್ಮನೆ ಕೂಡುತ್ತಾರೇನೋ. ನಮ್ಮೂರಲ್ಲಿ, ಬಾಗಿಲು ತೆರೆದ ಮನೆಯಲ್ಲಿ ನೆರೆಯವರು ಮಾತಿಲ್ಲದೆ ಕೂಡುವುದು ಒಂದೇ ಕಾರಣಕ್ಕೆ.

ಆಮೇಲೆ ದುರಗವ್ವ ಹೇಳಿದಂತೆ, ಮೊದಲು ಇಣುಕಿದವರು ಎದುರು ಮನೆಯ ಕನಕಪ್ಪನವರು. ಏನಾಯಿತೆಂದು ಕೈಸನ್ನೆಯಲ್ಲಿ ಕೇಳಿದ್ದಕ್ಕೆ ದುರಗವ್ವ, ಇನ್ನೆಷ್ಟು ಹೊತ್ತು ಬಾಯಿ ಮುಚ್ಚಬೇಕೋ ಎಂದು ಮೇಲಿನ ಗಡಿಯಾರ ನೋಡಿ ನಿಟ್ಟುಸಿರು ಬಿಟ್ಟಳು. ಅವರಿಗೆ ಅಷ್ಟು ಸಾಕಾಯಿತು. ಬೆಳಗಿನಿಂದ ಅತ್ತೆಯವರು ಕಟ್ಟೆಯ ಮೇಲೆ ಕಂಡಿರಲಿಲ್ಲವಲ್ಲ! ಅವರೋ ಕಣ್ಣು ತೋರಿಸಿಕೊಳ್ಳಲು ಹಾನಗಲ್ಲಿಗೆ ಹೋಗಿದ್ದರು. ಕನಕಪ್ಪನವರು ಟವೆಲ್ಲು ತಲೆಯಿಂದಿಳಿಸಿ ಗೋಡೆಗೊರಗಿದರು; ಅವರನ್ನು ನೋಡಿ ಓಣಿಯೇ ಬಂತು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ರೊಟ್ಟಿ ಝುಣಕದ ಬುತ್ತಿಗಳೂ ಬಂದವು. "ಸೊಸಿ ಗ್ವಾಡಿಗೆ ಮಾರಿ ಮಾಡಿ ಕುಂತಾಳ ನೋಡ್ರಿ, ಭಾಳ ಹಚ್ಗೊಂಡಿದ್ಲು" ಎಂದು ಯಾರೋ ಪಿಸುಗುಟ್ಟಿದರಂತೆ, ನನ್ನ ಕಿವಿಗೆ ಬಿದ್ದದ್ದು ಬರೀ ನಿಟ್ಟುಸಿರು. ದುರಗವ್ವನ ಕಡೆ ಯಾರೋ ತೀರಿದರೆಂದುಕೊಂಡೆ. ಬಾಯಿ ಬಿಡುವಂತಿಲ್ಲ, ಅಷ್ಟು ಜನರ ನಡುವೆ ಎದ್ದು ಹೋಗುವಂತೆಯೂ ಇಲ್ಲ. ಬೇರೆ ದಾರಿ ಕಾಣದೆ ಹುಕ್ಕು ಹಚ್ಚಿದೆ. ಮತ್ತೊಂದು ಹಚ್ಚಿದೆ.

ಅಷ್ಟರಲ್ಲಿ ಅತ್ತೆಯವರು ಬಸ್ಸಿಳಿದು ಬಂದರು. ಅಂಗಳದ ತುಂಬ ಚಪ್ಪಲಿ ಕಂಡು ಮನೆಯಲ್ಲಿ ಯಾರೋ ತೀರಿದರೆಂದೇ ತಿಳಿದರು. ಕಣ್ಣಿಗೆ ಔಷಧ ಬಿಟ್ಟದ್ದರಿಂದ ಕಪ್ಪು ಕನ್ನಡಕ ಹಾಕಿದ್ದವರು ಮೆಲ್ಲಗೆ ಬಂದು ಹಿಂದಿನ ಸಾಲಿನಲ್ಲಿ ಕೂತು, ಬಾಯಿಗೆ ಸೆರಗು ಹಿಡಿದು ಅತ್ತೇಬಿಟ್ಟರು. ಆಮೇಲೆ ಪಕ್ಕದಲ್ಲಿದ್ದವರನ್ನು, "ಯಾರ್ ಹೋದ್ರೋ ತಮ್ಮಾ?" ಎಂದು ಕೇಳಿದರು. ಕನಕಪ್ಪನವರು ತಲೆಯೆತ್ತದೆ, "ವೀರವ್ವಾರ ಹೋದ್ರಬೇ. ಬಾಯಿ ಸ್ವಲ್ಪ ಜೋರಿತ್ತು, ಆದ್ರ ಜೀವ ಚಲೋ ಇತ್ತು. ಮಣ್ಣ ಮಾಡೂದ ಎಷ್ಟೊತ್ತಿಗೋ ಏನೋ, ಯಾರೂ ಹೇಳವಲ್ರು" ಎಂದರು.

"ಹಂಗಾರ ನಾ ಯಾರೋ, ಕನಕಪ್ಪಾ?"

ಅದೇ ಕ್ಷಣಕ್ಕೆ ಮೊಬೈಲಿನ ಗಂಟೆ ಹೊಡೆಯಿತು. ಅಷ್ಟು ಹೊತ್ತಿನಿಂದ ಹಿಡಿದಿಟ್ಟಿದ್ದನ್ನೆಲ್ಲ ದುರಗವ್ವ ಒಂದೇ ಉಸಿರಿಗೆ ಬಿಟ್ಟಳು. ಕೂತವರು ಎದ್ದರು, ಎದ್ದವರು ಓಡಿದರು. ಆ ಗದ್ದಲದಲ್ಲಿ ನಾನು ಜಂಪರು ಎತ್ತಿ ಹಿಡಿದೆ: ಒಂದು ಹುಕ್ಕೂ ಬಾಕಿ ಇರಲಿಲ್ಲ. ತಮ್ಮ ಹೆಸರಿನ ಬುತ್ತಿಯನ್ನು ತಾವೇ ಬಿಚ್ಚಿ ಉಣ್ಣುತ್ತ ಅತ್ತೆಯವರು, "ನಾ ಸತ್ತರ ನೀ ಕೆಲಸ ಮುಗಸ್ತೀ ಅಂತ ಗೊತ್ತಿದ್ರ, ಎಂದೋ ಸಾಯ್ತಿದ್ನಲ್ಲಾ" ಎಂದರು. ಶೀಲಾ ಮರುದಿನ ಒಂದೂ ಪಿನ್ನಿಲ್ಲದೆ ಮಂಟಪದಲ್ಲಿ ನಿಂತಳು. ಖೋಲಿ ನನ್ನಲ್ಲೇ ಉಳಿಯಿತು.

ಹೀಗೆ ತಮ್ಮ ವಿದ್ಯೆ ಫಲಿಸಿತೆಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ನನ್ನ ದೂರು ಮುಂದಿನದ್ದರ ಬಗ್ಗೆ. ಶೀಲಾಳ ಜಂಪರು ನೋಡಿ ಗಿರಾಕಿಗಳು ಮರಳಿದ್ದಾರೆ, ಹುಕ್ಕಿಲ್ಲದ ಜಂಪರುಗಳು ಮತ್ತೆ ರಾಶಿ ಬಿದ್ದಿವೆ, ದುರಗವ್ವ ಒಬ್ಬಳೇ ಕೂತರೆ ನನ್ನ ಕೈ ಓಡುವುದಿಲ್ಲ. ಓಣಿಯೇ ಬಂದು ಕೂಡಬೇಕೆಂದರೆ ಯಾರಾದರೂ ಸಾಯಬೇಕು. ಅತ್ತೆಯವರನ್ನು ಎರಡನೆಯ ಸಲ ಯಾರೂ ನಂಬುವುದಿಲ್ಲ. ಯಜಮಾನರನ್ನು ಕೇಳಿದೆ, ಡ್ಯೂಟಿ ಇದೆಯೆಂದರು. ಆದ್ದರಿಂದ ಈ ಊರಿನಲ್ಲಿ ಯಾರೂ ಮುಖ ನೋಡಿರದ ತಾವೇ ದೊಡ್ಡ ಮನಸ್ಸು ಮಾಡಿ, ಮದುವೆ ಸೀಜನ್ ಮುಗಿಯುವವರೆಗೆ ವಾರಕ್ಕೊಮ್ಮೆಯಾದರೂ ನಮ್ಮನ್ನು ಅಗಲಬೇಕಾಗಿ ಕಳಕಳಿಯ ವಿನಂತಿ. ಪ್ರಯಾಣದ ತೊಂದರೆ ಬೇಡ, ಆನ್‌ಲೈನಾದರೂ ನಡೆದೀತು.

ತಮ್ಮ ದೀರ್ಘಾಯುಷ್ಯವನ್ನು ಸದ್ಯಕ್ಕೆ ಕೋರಲಾಗದ,
ತಮ್ಮ ವಿಶ್ವಾಸಿ,
ಟೇಲರ್ ಸವಿತಾ

ತಾ.ಕ.: ಮೊದಲ ಭೇಟಿಯ ಟಿಪ್ಪಣಿಯನ್ನು "ನಾಳೆ ಕಳಿಸುತ್ತೇನೆ" ಎಂದಿದ್ದಿರಿ, ಆ ನಾಳೆ ಇನ್ನೂ ಹುಬ್ಬಳ್ಳಿ ಬಿಟ್ಟಂತಿಲ್ಲ. ತಮಗೂ ಜೊತೆ ಬೇಕಿದ್ದರೆ ದುರಗವ್ವ ಬಂದು ಕೂಡಲು ಸಿದ್ಧಳಿದ್ದಾಳೆ. ಮನೆಯವರಿಗೆ ಮುಂಚಿತವಾಗಿ ಹೇಳಿಡಿ, ಮತ್ತು ಆಕೆ ಇರುವಷ್ಟು ಹೊತ್ತು ದಯವಿಟ್ಟು ಮಲಗಬೇಡಿ.